ಮೋರಿಯೊಳಗೆ ಇಳಿದ ಏಡಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಮಳೆ ಸದ್ದು ಜಾಸ್ತಿ ಆದರೆ ಕೈ ಎತ್ತಿ, ನಾನು ಗಂಟಲು ಏರಿಸುತ್ತೇನೆ. ಶೀಟು ಹೊದಿಸಿದ ಹಾಲ್‌ನಲ್ಲಿ ಜೂನ್ ತಿಂಗಳಲ್ಲಿ ಭಾಷಣ ಇಟ್ಟುಕೊಂಡರೆ ಹೀಗೇ ಆಗೋದು.

ಮುಂದಿನ ಸಾಲುಗಳಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿದ್ದೀರಿ. ಹಿಂದಿನ ಸಾಲುಗಳಲ್ಲಿ ಬೆಳೆಗಾರರಿದ್ದೀರಿ. ಮಧ್ಯೆ ಮೂರು ಸಾಲು ಕುರ್ಚಿ ಖಾಲಿ ಇದೆ. ನನ್ನ ಮಾತು ಪೂರ್ತಿ ಆ ಮೂರು ಸಾಲಿನ ಬಗ್ಗೆಯೇ ಅಂತ ಇಟ್ಟುಕೊಳ್ಳಿ.

ಮೇಜಿನ ಮೇಲೆ ಕೆಸರು ಮೆತ್ತಿಕೊಂಡು ಕೂತಿದೆಯಲ್ಲ, ಇದರ ಹೆಸರು ಏಡಿ. ರಸ್ತೆ ಕೆಳಗಿನ ಮೋರಿಯೊಳಗೆ ಇಳಿದು ನೋಡುವ, ದೂರದಿಂದ ಓಡಿಸುವ ಪುಟ್ಟ ಗಾಡಿ, ಅಂದರೆ ರೋವರ್. ಇದು ಮೂರನೇ ಏಡಿ. ತೂಕ 6 ಕೆಜಿ, ನಾಲ್ಕು ಚಕ್ರ, ಎದುರಿಗೆ ಒಂದು ಕ್ಯಾಮೆರಾ, ಬೆನ್ನ ಮೇಲೆ ಒಂದು ಕೇಬಲ್ ಸುರುಳಿ. ತೊಳೆದು ತರಬಹುದಿತ್ತು. ಬೇಕಂತಲೇ ತೊಳೆದಿಲ್ಲ. ತೊಳೆದ ರೋವರ್ ನೋಡಿದರೆ ಜನ ಆಟಿಕೆ ಅಂದುಕೊಳ್ಳುತ್ತಾರೆ.

ನನ್ನ ಬಗ್ಗೆ ಎರಡೇ ಮಾತು. ಬೆಂಗಳೂರಿನಲ್ಲಿ ಹದಿನಾರು ವರ್ಷ ಮೋಟರ್ ಕಂಟ್ರೋಲರ್ ಮಾಡುವ ಕೆಲಸದಲ್ಲಿದ್ದೆ. ಅಪ್ಪನಿಗೆ ಮಂಡಿ ನೋವು ಜಾಸ್ತಿ ಆದಾಗ ಊರಿಗೆ ಬಂದೆ. ಕೊಡಗಿನ ಸೋಮವಾರಪೇಟೆ ಕಡೆ ಆರು ಎಕರೆ ತೋಟ. ರೊಬಸ್ಟಾ ಕಾಫಿ, ಸ್ವಲ್ಪ ಮೆಣಸು.

ನಮ್ಮ ತೋಟಕ್ಕೆ ಮುಖ್ಯ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ದಾರಿ. ಅದರಲ್ಲಿ ಐದು ಮೋರಿ. ಕೆಲವು ವರ್ಷದ ಹಿಂದೆ ಆಗಸ್ಟ್‌ನಲ್ಲಿ, ಒಂದು ರಾತ್ರಿ, ಮೂರನೇ ಮೋರಿ ರಸ್ತೆ ಸಮೇತ ಕೊಲ್ಲಿಗೆ ಹೋಯಿತು. ಹಿಂದಿನ ದಿನ ಸಾಯಂಕಾಲ ನಾನೇ ಅದರ ಮೇಲೆ ಜೀಪು ಓಡಿಸಿಕೊಂಡು ಬಂದಿದ್ದೆ. ಮೇಲಿಂದ ನೋಡಿದರೆ ಏನೂ ಇರಲಿಲ್ಲ. ಒಂದು ಕಡೆ ಮಾತ್ರ ಒಂದು ಅಂಗೈ ಅಗಲ ತಗ್ಗು. ಲಾರಿ ಭಾರಕ್ಕೆ ಕೂತಿರಬೇಕು ಅಂದುಕೊಂಡಿದ್ದೆವು.

ಆಮೇಲೆ ಬಿಡಿಸಿ ನೋಡಿದಾಗ ಗೊತ್ತಾಯಿತು. ಮೋರಿ ಅಂದರೆ ಕಾಂಕ್ರೀಟಿನ ಹ್ಯೂಮ್ ಪೈಪುಗಳನ್ನು ಒಂದಕ್ಕೊಂದು ಕೂಡಿಸಿ ಹೂತಿರುವುದು ತಾನೇ? ಎರಡು ಪೈಪು ಸೇರುವ ಜಾಗದಲ್ಲಿ ಗಾರೆ ಬಿಟ್ಟಿತ್ತು. ಆ ಸಂದಿಯಿಂದ ಪ್ರತಿ ಮಳೆಗೂ ಸುತ್ತಲಿನ ಮಣ್ಣು ಹಿಡಿ ಹಿಡಿಯಾಗಿ ಪೈಪಿನೊಳಗೆ ಸೋರಿ ನೀರಿನ ಜೊತೆ ಹೋಗಿದೆ. ರಸ್ತೆಯ ಕೆಳಗೆ ಹೊಟ್ಟೆ ಖಾಲಿ. ಸಾಲದ್ದಕ್ಕೆ ಸಿಲ್ವರ್ ಓಕ್ ಬೇರು ಒಳಗೆ ಬಂದು ಜಡೆ ಹಾಕಿ ಕಸ ಹಿಡಿದುಕೊಂಡಿತ್ತು. ನೀರು ಕಟ್ಟಿತು. ಪೈಪಿನೊಳಗೆ ಜಾಗ ಇಲ್ಲದೆ ಪೈಪಿನ ಹೊರಗಿಂದ ದಾರಿ ಮಾಡಿಕೊಂಡಿತು. ಅಲ್ಲಿಗೆ ಮುಗಿಯಿತು.

ಆ ವರ್ಷ ಕೊಯ್ಲಿಗೆ ಲಾರಿ ಬರಲಿಲ್ಲ. ಹಣ್ಣು ತುಂಬಿದ ಚೀಲವನ್ನು ಅರ್ಧ ಕಿಲೋಮೀಟರ್ ತಲೆ ಮೇಲೆ ಹೊತ್ತು ಆ ಕಡೆ ನಿಂತ ಪಿಕಪ್‌ಗೆ ಹಾಕಿದೆವು. ಹೊರುವವರಿಗೆ ಕೊಟ್ಟ ಕೂಲಿಯನ್ನು, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬೇರೆ ಪುಟದಲ್ಲೇ ಬರೆದಿಟ್ಟಿದ್ದರು. ಆ ಪುಟ ಮುಂದೆ ನನಗೆ ತುಂಬಾ ಉಪಯೋಗಕ್ಕೆ ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಏಡಿ ಹುಟ್ಟಿದ್ದು ಹೀಗೆ. ಚಂದ್ರನ ಮೇಲೆ ಇಳಿಸುವ ಆಸೆಯಿಂದ ಅಲ್ಲ. 600 ಮಿಲಿಮೀಟರ್ ಪೈಪಿನೊಳಗೆ ಮನುಷ್ಯ ತೆವಳಬಾರದು ಅನ್ನುವ ಕಾರಣಕ್ಕೆ. ಹಾವಿರುತ್ತದೆ, ಗಾಳಿ ಇರುವುದಿಲ್ಲ, ಮೇಲಿನ ಮಣ್ಣನ್ನು ನಂಬುವ ಹಾಗಿಲ್ಲ.

ಈಗ ಕಟ್ಟುವ ವಿಷಯ. ಮೊದಲನೇ ಏಡಿಯಲ್ಲಿ ನಾನು ಮಾಡಿದ ತಪ್ಪು ಇಲ್ಲಿರುವ ಪ್ರತಿಯೊಬ್ಬರೂ ಮಾಡುತ್ತೀರಿ. ಮೊದಲು ಬೋರ್ಡ್ ಕೊಂಡೆ, ಕ್ಯಾಮೆರಾ ಕೊಂಡೆ, ಆಮೇಲೆ ಅದಕ್ಕೊಂದು ಗಾಡಿ ಹುಡುಕಿದೆ. ಆನ್‌ಲೈನ್‌ನಲ್ಲಿ ಸಿಗುವ ಹಳದಿ ಪ್ಲಾಸ್ಟಿಕ್ ಗೇರ್ ಮೋಟರ್ ಇದೆಯಲ್ಲ, ಅದೇ. ಮನೆಯ ರೆಡ್‌ಆಕ್ಸೈಡ್ ನೆಲದ ಮೇಲೆ ಕುದುರೆ ಹಾಗೆ ಓಡಿತು. ತೋಟಕ್ಕೆ ಇಳಿಸಿದೆ. ಒದ್ದೆ ದರಗಿನ ಮೇಲೆ ಎರಡು ಮಾರು ಹೋಗಿ, ಚಕ್ರ ಸುಮ್ನೆ ಸುತ್ತುತ್ತಾ ಕೂತಿತು. ಎತ್ತಿ ನೋಡಿದರೆ ಅಡಿಯಲ್ಲಿ ಮೂರು ಜಿಗಣೆ. ಅವು ಮಾತ್ರ ಗಾಡಿಯನ್ನು ಚೆನ್ನಾಗಿ ಹತ್ತಿದ್ದವು.

ಹಾಗಾಗಿ ಲೆಕ್ಕ ಮೊದಲು, ಅಂಗಡಿ ಆಮೇಲೆ. ಲೆಕ್ಕ ಅಂದರೆ ಹೆದರಬೇಡಿ, ಏಳನೇ ಕ್ಲಾಸಿನದು. ನನ್ನ ಗಾಡಿ 6 ಕೆಜಿ. 30 ಡಿಗ್ರಿ ಏರು ಹತ್ತಬೇಕು. ಆ ಏರಿನಲ್ಲಿ ತೂಕದ ಅರ್ಧ ಹಿಂದಕ್ಕೆ ಎಳೆಯುತ್ತದೆ. ಅಂದರೆ 3 ಕೆಜಿ. ಕೆಸರು ಇನ್ನೊಂದು ಕೆಜಿ ಹಿಡಿದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಒಟ್ಟು 4. ಚಕ್ರದ ನಡುವಿನಿಂದ ಅಂಚಿಗೆ 6 ಸೆಂಟಿಮೀಟರ್. ನಾಲ್ಕಾರಲಿ ಇಪ್ಪತ್ನಾಲ್ಕು. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ 6 ಕೆಜಿ-ಸೆಂಟಿಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಕಾಗದದ ಮೇಲೆ ಇಷ್ಟು ಸಾಕು. ಆದರೆ ಏರುಪೇರು ನೆಲದಲ್ಲಿ ನಾಲ್ಕು ಚಕ್ರವೂ ಯಾವತ್ತೂ ನೆಲ ಮುಟ್ಟುವುದಿಲ್ಲ. ಒಂದು ಗಾಳಿಯಲ್ಲಿ, ಒಂದು ಜಾರುತ್ತಾ, ಉಳಿದ ಎರಡೇ ದುಡಿಯೋದು. ಅದಕ್ಕೆ ಎರಡರಷ್ಟು ಹಿಡಿದು 12 ಅಂತ ಮಾಡಿಕೊಂಡೆ. ಕೊಂಡಿದ್ದು 15ರದು, ನಿಮಿಷಕ್ಕೆ 60 ಸುತ್ತಿನ ಜಾನ್ಸನ್ ಗೇರ್ ಮೋಟರ್. ಸೆಕೆಂಡಿಗೆ ಒಂದು ಅಡಿ ಚಿಲ್ಲರೆ ಹೋಗುತ್ತದೆ. ನಿಧಾನ ಅನ್ನಬಹುದು. ಮಂಗಳ ಗ್ರಹದಲ್ಲಿ ಮೊದಲು ಓಡಿದ ಸೋಜರ್ನರ್ ಹೋಗುತ್ತಿದ್ದದ್ದು ಸೆಕೆಂಡಿಗೆ 1 ಸೆಂಟಿಮೀಟರ್. ಚಂದ್ರಯಾನ 3ರಲ್ಲಿ ಹೋದ ನಮ್ಮ ಪ್ರಜ್ಞಾನ್ ಕೂಡ ಅಷ್ಟೇ. ಅವುಗಳ ಮುಂದೆ ನನ್ನ ಏಡಿ ರೇಸ್ ಕಾರು.

ಗುಜರಿ ಅಂಗಡಿಯಲ್ಲಿ ಸಿಗುವ ಕಾರಿನ ವೈಪರ್ ಮೋಟರ್ ಬಗ್ಗೆಯೂ ಒಂದು ಮಾತು ಹೇಳಬೇಕು. ತೂಕ ಜಾಸ್ತಿ, ಒಪ್ಪುತ್ತೇನೆ. ಆದರೆ ಒಳಗೆ ಇರುವುದು ವರ್ಮ್ ಗೇರ್. ಕರೆಂಟ್ ತೆಗೆದರೂ ಚಕ್ರ ಹಿಂದಕ್ಕೆ ಉರುಳುವುದಿಲ್ಲ. ನಮ್ಮ ಬರೆ ದಾರಿಗಳಲ್ಲಿ, ಅಂದರೆ ಕಡಿದಾದ ಗುಡ್ಡದ ದಾರಿಗಳಲ್ಲಿ, ಇದು ದೊಡ್ಡ ಗುಣ. ಹತ್ತು ಕೆಜಿ ಮೇಲಿನ ಗಾಡಿ ಮಾಡುವುದಾದರೆ ಅದನ್ನೇ ನೋಡಿ.

ಆರು ಚಕ್ರ ಯಾಕಿಲ್ಲ ಅಂತ ಕೇಳುತ್ತೀರಿ, ಗೊತ್ತು. ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬಿನಲ್ಲಿ ಡೊನಾಲ್ಡ್ ಬಿಕ್ಲರ್ ಅನ್ನುವವರು ರಾಕರ್ ಬೋಗಿ ಅನ್ನುವ ಜೋಡಣೆ ಮಾಡಿದರು. ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಎರಡು ಕಡೆ ಎರಡು ತೋಳು, ತೋಳಿಗೊಂದು ಮರಿ ತೋಳು. ಒಂದು ಚಕ್ರ ಕಲ್ಲು ಹತ್ತಿದರೆ ಉಳಿದ ಐದು ನೆಲದಲ್ಲೇ ಇರುತ್ತವೆ, ಮೇಲಿನ ಪೆಟ್ಟಿಗೆ ಅರ್ಧ ಮಾತ್ರ ವಾಲುತ್ತದೆ. ಪ್ರಜ್ಞಾನ್‌ಗೂ ಅದೇ ಕಾಲು. ನಿಮಗೆ ಮಾಡಿ ನೋಡಬೇಕು ಅನಿಸಿದರೆ ಆ ಲ್ಯಾಬಿನವರೇ 2018ರಲ್ಲಿ ಒಂದು ರೋವರ್‌ನ ಪೂರ್ತಿ ನಕ್ಷೆ, ಸಾಮಾನಿನ ಪಟ್ಟಿ, ಪ್ರೋಗ್ರಾಮ್ ಎಲ್ಲ ಬಿಟ್ಟಿಯಾಗಿ ಹೊರಗೆ ಬಿಟ್ಟರು. ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಮಾಡಬಹುದು, ಖರ್ಚು ಸುಮಾರು 2,500 ಡಾಲರ್ ಅಂದರು. ಕಲಿಯಲು ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನನ್ನ ಪೈಪು ದುಂಡಗಿದೆ, ಒಳಗೆ ಬಂಡೆ ಇಲ್ಲ. ನನಗೆ ಆ ಕಾಲು ಬೇಡ. ಚೆಂದ ಕಂಡದ್ದನ್ನೆಲ್ಲ ಗಾಡಿಗೆ ಸೇರಿಸಬೇಡಿ. ಮದುವೆ ಊಟದ ಎಲೆ ಅಲ್ಲ ಅದು.

ಎರಡನೇ ಏಡಿ ಕೆರೆಗೆ ಹಾರಿ ಸತ್ತಿತು. ನನ್ನದೇ ತಪ್ಪು. ರಿಮೋಟ್‌ನಲ್ಲಿ ಮುಂದೆ ಒತ್ತಿ ಹಿಡಿದಿದ್ದೆ. ಗಾಡಿ ಮರದ ಹಿಂದೆ ಹೋಯಿತು, ಸಿಗ್ನಲ್ ಕಡಿಯಿತು. ಕಡಿದ ಮೇಲೆ ಏನು ಮಾಡಬೇಕು ಅಂತ ನಾನು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ರಿಸೀವರ್ ಕೊನೆಯಲ್ಲಿ ಕೇಳಿದ ಮಾತನ್ನೇ ಹಿಡಿದುಕೊಂಡಿತು. ಕೊನೆಯ ಮಾತು 'ಮುಂದೆ'. ಪಾಪ, ಹೇಳಿದ ಮಾತು ಮೀರದೆ ಮುಂದೆ ಹೋಯಿತು, ಕೆರೆ ಏರಿ ದಾಟಿ ನೀರಿಗೆ ಬಿತ್ತು. ಫೇಲ್‌ಸೇಫ್ ಅನ್ನೋದು ರಿಮೋಟ್‌ನ ಮೆನುವಿನಲ್ಲೇ ಇರುತ್ತದೆ. ಸಿಗ್ನಲ್ ಹೋದರೆ ಮೋಟರ್ ನಿಲ್ಲಲಿ ಅಂತ ಇಡುವುದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಉಳಿಸಿದ್ದಕ್ಕೆ ನಾನು ತೆತ್ತದ್ದು ಹತ್ತಿರ ಹತ್ತಿರ ಹದಿನೆಂಟು ಸಾವಿರ.

ಸಿಗ್ನಲ್ ಕಥೆಯನ್ನು ಇನ್ನೂ ಸ್ವಲ್ಪ ಹೇಳಬೇಕು. ರಿಮೋಟ್, ವೈಫೈ ಎರಡೂ 2.4 ಗಿಗಾಹರ್ಟ್ಸ್. ಲೈಸೆನ್ಸ್ ಬೇಡ, ಸಾಮಾನು ಅಗ್ಗ. ಆದರೆ ನೀರು ಕಂಡರೆ ಅದಕ್ಕೆ ಆಗಿಬರುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಎಲೆ ಒದ್ದೆ, ತೊಗಟೆ ಒದ್ದೆ, ಮಣ್ಣು ಒದ್ದೆ. ಪೆಟ್ಟಿಗೆ ಮೇಲೆ ಬರೆದ ದೂರವನ್ನು ತೋಟದಲ್ಲಿ ನಂಬಬೇಡಿ. ಪೈಪಿನೊಳಗಾದರೆ, ಪೈಪು ನೇರವಾಗಿದ್ದು ನಾವು ಬಾಯಿಯ ಎದುರಿಗೇ ಕೂತಿದ್ದರೆ ಪರವಾಗಿಲ್ಲ. ಒಂದು ಬಾಗು ಬಂದರೆ, ಇಲ್ಲಾ ಅರ್ಧ ಪೈಪು ಕೆಸರು ತುಂಬಿದ್ದರೆ, ಚಿತ್ರ ನಿಂತು ನಿಂತು ಬಂದು ಆಮೇಲೆ ಬರುವುದೇ ಇಲ್ಲ.

ಅದಕ್ಕೆ ಮೂರನೇ ಏಡಿಗೆ ಬಾಲ ಕಟ್ಟಿದೆ. ನೆಟ್‌ವರ್ಕ್ ಕೇಬಲ್, 40 ಮೀಟರ್, ಜೊತೆಗೆ ಮೀನು ಹಿಡಿಯುವ ದಪ್ಪ ನೈಲಾನ್ ದಾರ. ಕೇಬಲ್ ಚಿತ್ರಕ್ಕೆ, ದಾರ ಎಳೆಯಲಿಕ್ಕೆ. ಗಾಡಿ ಕೆಟ್ಟರೂ ಹೊರಗೆ ಬರುತ್ತದೆ. ಕೇಬಲ್ ಕಟ್ಟಿದರೆ ಅದು ಇನ್ನೆಂಥ ರಿಮೋಟ್ ಅಂತ ಹುಡುಗರು ಮೂಗು ಮುರಿಯುತ್ತಾರೆ. ಮುರಿಯಲಿ. ಮೊದಮೊದಲು ಸುರುಳಿಯನ್ನು ನಾನು ಹೊರಗೆ ಹಿಡಿದುಕೊಳ್ಳುತ್ತಿದ್ದೆ. ಗಾಡಿ ಅಷ್ಟೂ ಕೇಬಲನ್ನು ಕೆಸರಿನಲ್ಲಿ ಎಳೆದುಕೊಂಡು ಹೋಗಬೇಕಾಗಿತ್ತು. ಹದಿನೈದು ಮೀಟರ್‌ಗೆ ಉಸಿರು ಕಟ್ಟುತ್ತಿತ್ತು. ನನ್ನ ಹತ್ತನೇ ಕ್ಲಾಸಿನ ಮಗಳು ನೋಡಿ, 'ಅಪ್ಪಾ, ಜೇಡ ದಾರಾನ ಗೋಡೇಲಿ ಇಟ್ಟು ಬರುತ್ತಾ? ಹೊಟ್ಟೇಲಿ ಇಟ್ಕೊಂಡು ಬಿಡ್ತಾ ಹೋಗಲ್ವಾ?' ಅಂದಳು. ಆವತ್ತೇ ಸುರುಳಿ ಗಾಡಿಯ ಬೆನ್ನಿಗೆ ಏರಿತು. ಈಗ ಕೇಬಲ್ ಎಳೆಯುವುದಿಲ್ಲ, ಬಿಡುತ್ತಾ ಹೋಗುತ್ತದೆ. ಪ್ರತಿ ಮೀಟರಿಗೆ ಒಂದು ಕೆಂಪು ಟೇಪ್ ಸುತ್ತಿದ್ದೇವೆ. ಎಷ್ಟು ಟೇಪ್ ಬಿಚ್ಚಿಕೊಂಡಿತು ಅಂತ ಕ್ಯಾಮೆರಾದ ಮೂಲೆಯಲ್ಲಿ ಕಾಣುತ್ತದೆ. ಬಿರುಕು ಎಷ್ಟನೇ ಮೀಟರಿನಲ್ಲಿದೆ ಅಂತ ಹೇಳಲು ಬೇರೇನೂ ಬೇಕಿಲ್ಲ.

ಬಿರುಕಿನ ಅಗಲ ಹೇಗೆ ಗೊತ್ತಾಗುತ್ತದೆ? ಇಲ್ಲಿ ನೋಡಿ, ಕ್ಯಾಮೆರಾದ ಎರಡು ಪಕ್ಕ ಎರಡು ಕೆಂಪು ಚುಕ್ಕಿ. ಸಂತೆಯಲ್ಲಿ ಸಿಗುವ ಲೇಸರ್ ಲೈಟು. ಎರಡನ್ನೂ ಸರಿಯಾಗಿ 5 ಸೆಂಟಿಮೀಟರ್ ಅಂತರದಲ್ಲಿ, ಒಂದೇ ನೇರಕ್ಕೆ ಕೂರಿಸಿದ್ದೇವೆ. ಗೋಡೆ ಹತ್ತಿರ ಇರಲಿ, ದೂರ ಇರಲಿ, ಚುಕ್ಕಿಗಳ ನಡುವೆ 5 ಸೆಂಟಿಮೀಟರೇ. ಚಿತ್ರದಲ್ಲಿ ಬಿರುಕನ್ನು ಅದಕ್ಕೆ ಹೋಲಿಸಿ ಅಳೆದರೆ ಆಯಿತು. ಸಮುದ್ರದ ಒಳಗೆ ಇಳಿಸುವ ದೊಡ್ಡ ಯಂತ್ರಗಳಲ್ಲೂ ಇದೇ ಉಪಾಯ.

ಲೈಟನ್ನು ಕ್ಯಾಮೆರಾ ಪಕ್ಕದಲ್ಲೇ ಇಡಬೇಡಿ. ಸಂಪಾಜೆ ಘಾಟಿಯಲ್ಲಿ ಮಂಜು ಕವಿದಾಗ ಹೈಬೀಮ್ ಹಾಕಿದರೆ ಏನಾಗುತ್ತದೆ? ಬಿಳಿ ಗೋಡೆ. ಪೈಪಿನೊಳಗಿನ ಹಬೆಯೂ ಹಾಗೇ. ಲೈಟು ಕೆಳಗೆ, ಪಕ್ಕಕ್ಕೆ ಇರಲಿ.

ಕೊಡಗಿನಲ್ಲಿ ಎಲೆಕ್ಟ್ರಾನಿಕ್ಸ್ ಕೊಲ್ಲುವುದು ಮಳೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಮಳೆಗಿಂತ ಮಂಜೇ ಕೆಟ್ಟದ್ದು. ಮಳೆ ಹೊರಗಿಂದ ಬರುತ್ತದೆ, ರಬ್ಬರ್ ವಾಷರ್ ಹಾಕಿ ತಡೆಯಬಹುದು. ತೇವ ನಾವೇ ಒಳಗೆ ಕೂರಿಸಿ ಮುಚ್ಚಳ ಮುಚ್ಚುತ್ತೇವೆ. ಬೆಳಿಗ್ಗೆ ಏಳು ಗಂಟೆಗೆ ಡಬ್ಬಿ ಮುಚ್ಚಿದರೆ ಒಳಗಿನ ಗಾಳಿಯಲ್ಲೇ ಒಂದು ಚಮಚ ನೀರಿದೆಯೇನೋ ಅನ್ನುವ ಹಾಗೆ ಆಗುತ್ತದೆ. ತಣ್ಣನೆ ಪೈಪಿಗೆ ಹೋದ ಕೂಡಲೇ ಕ್ಯಾಮೆರಾ ಗಾಜಿನ ಒಳಬದಿಗೆ ಹನಿ. ಹೊರಗಿಂದ ಒರೆಸಿ ಒರೆಸಿ ಬೇಜಾರಾಗಿದೆ ನನಗೆ. ಈಗ ನಮ್ಮ ನಿಯಮ ಇದು. ಬಿಸಿಲು ಬಿದ್ದ ಮಧ್ಯಾಹ್ನ ಕಾಫಿ ಕಣದ ಪಕ್ಕದಲ್ಲಿ ಡಬ್ಬಿ ಅರ್ಧ ಗಂಟೆ ತೆರೆದಿಡುವುದು, ಎರಡು ಪೊಟ್ಟಣ ಸಿಲಿಕಾ ಜೆಲ್ ಹಾಕುವುದು, ಅಲ್ಲೇ ಮುಚ್ಚುವುದು. ಆಮೇಲೆ ಕೆಲಸ ಮುಗಿಯುವ ತನಕ ಯಾರೂ ಮುಚ್ಚಳ ತೆಗೆಯುವ ಹಾಗಿಲ್ಲ. ತೇವ ತಾಗದ ಹಾಗೆ ಬೋರ್ಡಿನ ಮೇಲೆ ನೇಲ್ ಪಾಲಿಶ್ ಬಳಿಯುವುದು ನನ್ನ ಹೆಂಡತಿಯ ಕಾಣಿಕೆ. ಬಾಟಲಿ ಅವಳದ್ದು, ಕೇಳದೇ ತೆಗೆದದ್ದು ನಾನು.

ಮಣ್ಣಿನ ವಿಷಯದಲ್ಲಿ ರಷ್ಯಾದವರ ಒಂದು ಕಥೆ ಹೇಳಲೇಬೇಕು. 1970ರ ನವೆಂಬರ್‌ನಲ್ಲಿ ಅವರು ಚಂದ್ರನ ಮೇಲೆ ಲುನೋಖೋದ್ 1 ಇಳಿಸಿದರು. ಬೇರೆ ನೆಲದ ಮೇಲೆ ಭೂಮಿಯಿಂದ ರಿಮೋಟ್‌ನಲ್ಲಿ ಓಡಿಸಿದ ಮೊದಲ ಗಾಡಿ ಅದು. 750 ಕೆಜಿ ದಾಟಿದ ತೂಕ, ಎಂಟು ಚಕ್ರ. ಓಡಿಸಲು ಐದು ಜನರ ತಂಡ. ಅವರಿಗೆ ವೀಡಿಯೊ ಇಲ್ಲ, ಕೆಲವು ಸೆಕೆಂಡಿಗೊಂದು ನಿಂತ ಚಿತ್ರ. ಹೇಳಿದ ಮಾತು ಚಂದ್ರನಿಗೆ ಹೋಗಿ ಉತ್ತರ ಬರಲು ಎರಡೂವರೆ ಸೆಕೆಂಡ್ ಬೇರೆ. ಆದರೂ 10 ಕಿಲೋಮೀಟರ್ ಓಡಿಸಿದರು. 1973ರಲ್ಲಿ ಹೋದ ಎರಡನೆಯದು 39 ಕಿಲೋಮೀಟರ್ ಓಡಿತು. ಅದು ಸತ್ತದ್ದು ಹೇಗೆ ಗೊತ್ತಾ? ಒಂದು ಗುಂಡಿಯೊಳಗೆ ತಿರುಗುವಾಗ ತೆರೆದ ಮುಚ್ಚಳ ಪಕ್ಕದ ಬರೆಗೆ ತಾಗಿ ಮಣ್ಣು ಮೆತ್ತಿಕೊಂಡಿತು. ರಾತ್ರಿ ಮುಚ್ಚಳ ಮುಚ್ಚಿದಾಗ ಆ ಮಣ್ಣು ಶಾಖ ಹೊರಹಾಕುವ ರೇಡಿಯೇಟರ್ ಮೇಲೆ ಉದುರಿತು. ಹಗಲಾದಾಗ ಗಾಡಿ ಒಳಗೊಳಗೇ ಬೆಂದುಹೋಯಿತು. ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಗಾಡಿಯನ್ನು ಒಂದು ಬೊಗಸೆ ಧೂಳು ಮುಗಿಸಿತು. ಮೋಟರ್‌ಗೆ ಕರೆಂಟ್ ಕೊಡುವ ನಿಮ್ಮ ಡ್ರೈವರ್ ಬೋರ್ಡಿನ, ಶಾಖ ಹೊರಹಾಕುವ ಹೀಟ್‌ಸಿಂಕ್ ಮೇಲೆ ಕೆಸರು ಕೂತಿದ್ದರೆ ಈ ಕಥೆ ನೆನಪಿರಲಿ.

ಚಕ್ರ, ಚಿತ್ರದ ಮಾತು ಸಾಕು. ಈಗ ದುಡ್ಡು. ಹಿಂದಿನ ಸಾಲಿನವರು ಎದ್ದು ಹೋಗಬೇಡಿ.

ಮೂರನೇ ಏಡಿಯ ಲೆಕ್ಕ ಬಿಚ್ಚಿ ಹೇಳುತ್ತೇನೆ. ಮೋಟರ್ 3,200. ಬ್ಯಾಟರಿ, ಅದನ್ನು ಕಾಯುವ ಬಿಎಂಎಸ್ ಬೋರ್ಡ್ ಸೇರಿ 4,000. ಸಣ್ಣ ಕಂಪ್ಯೂಟರ್ ಬೋರ್ಡ್, ಕ್ಯಾಮೆರಾ 7,500. ಡ್ರೈವರ್, ಲೈಟು, ಲೇಸರ್ 2,000. ಕೇಬಲ್, ಸುರುಳಿ 2,500. ಡಬ್ಬಿ, ಬೋಲ್ಟು, ವೆಲ್ಡಿಂಗ್ 3,800. ಒಟ್ಟು 23,000 ರೂಪಾಯಿ. ಮೊದಲ ಎರಡು ಏಡಿಗೆ ಸುರಿದ 31,000 ಇದರಲ್ಲಿ ಸೇರಿಲ್ಲ. ಆ ಮೊತ್ತ ಮನೆಯಲ್ಲಿ ಇವತ್ತಿನ ತನಕ ಗೊತ್ತಿರಲಿಲ್ಲ. ಈಗ ಗೊತ್ತಾಯಿತು, ಹೆಂಡತಿ ಎರಡನೇ ಸಾಲಿನಲ್ಲಿ ಕೂತಿದ್ದಾಳೆ.

ಮೂರನೆಯದಕ್ಕೆ ದುಡ್ಡು ಕೇಳಲು ನಾನು ಮನೆ ಮನೆಗೆ ಹೋದೆ. ಲ್ಯಾಪ್‌ಟಾಪ್ ತೆಗೆದುಕೊಂಡು, ಹದಿನೆಂಟು ಸ್ಲೈಡ್ ಮಾಡಿಕೊಂಡು. ಮೊದಲ ಸ್ಲೈಡ್‌ನಲ್ಲಿ ಮಂಗಳ ಗ್ರಹ. ಎಲ್ಲರೂ ಕಾಫಿ ಕೊಟ್ಟರು, ಒಂದು ಮನೆಯಲ್ಲಿ ಕಡುಬು ಕೊಟ್ಟರು. ದುಡ್ಡು ಯಾರೂ ಕೊಡಲಿಲ್ಲ. ನಾಲ್ಕನೇ ಮನೆಯ ಅಜ್ಜ ಪೂರ್ತಿ ನೋಡಿ ಕನ್ನಡಕ ತೆಗೆದು ಕೇಳಿದರು. 'ಮಗಾ, ನೀನು ಆಟಿಕೆಗೆ ದುಡ್ಡು ಕೇಳ್ತಿದ್ದೀಯೋ, ರಸ್ತೆಗೆ ಕೇಳ್ತಿದ್ದೀಯೋ?' 'ರಸ್ತೆಗೆ ಅಜ್ಜ' ಅಂದೆ. 'ಹಂಗಾದ್ರೆ ಇದನ್ನ ಮುಚ್ಚು. ರಸ್ತೆ ತೋರ್ಸು.'

ಮರುದಿನ ರೈಟರ್ ಪುಸ್ತಕದ ಆ ಪುಟ ತೆಗೆದುಕೊಂಡು ಹೋದೆ. ಚೀಲ ಹೊತ್ತ ಕೂಲಿ, ಎರಡು ಸಲ ಸಾಮಾನು ಇಳಿಸಿ ಏರಿಸಿದ್ದು, ಪಿಕಪ್ ಬಾಡಿಗೆ. 'ನಿಮ್ಮ ಮನೆಯಲ್ಲಿ ಆ ವರ್ಷ ಎಷ್ಟಾಯಿತು?' ಅಂತ ಮಾತ್ರ ಕೇಳಿದೆ. ಅವರೇ ಲೆಕ್ಕ ಹಾಕಿದರು. ಆಮೇಲೆ, ಪ್ರತಿ ಮೇ ತಿಂಗಳು ಐದು ಮೋರಿಯ ಒಳಗಿನ ಫೋಟೋ ತಂದುಕೊಡುತ್ತೇನೆ, ಎಲ್ಲಿ ಗಾರೆ ಬಿಟ್ಟಿದೆ, ಎಲ್ಲಿ ಬೇರು ಬಂದಿದೆ ಹೇಳುತ್ತೇನೆ ಅಂದೆ. ರೋವರ್ ಅನ್ನುವ ಪದ ಎತ್ತಲಿಲ್ಲ. ಹದಿನಾಲ್ಕು ಮನೆಯಿಂದ ಎರಡೆರಡು ಸಾವಿರ ಬಂತು. 28,000. ಒಂದು ವಾರದಲ್ಲಿ.

ಮಕ್ಕಳೇ, ಇದು ಬರೀ ಮಾತಿನ ಚಮತ್ಕಾರ ಅಲ್ಲ. ಅವರು ಆಗಲೇ ಕಳೆದುಕೊಳ್ಳುತ್ತಿದ್ದ ದುಡ್ಡಿನಲ್ಲಿ ಒಂದು ಚೂರು ನನಗೆ ಕೊಟ್ಟರು. ಹೊಸ ದುಡ್ಡು ಕೇಳುವುದು ಕಷ್ಟ. ಸೋರುತ್ತಿರುವ ದುಡ್ಡಿಗೆ ಬೊಗಸೆ ಹಿಡಿಯುವುದು ಅಷ್ಟು ಕಷ್ಟ ಅಲ್ಲ. ಇನ್ನೊಂದು ವಿಷಯ. ಆ 28,000 ನನ್ನ ಗಾಡಿಯ ಗಾತ್ರವನ್ನೂ ತೀರ್ಮಾನ ಮಾಡಿತು. ರೋಬೋ ಕೈ ಬೇಡ, ಆರು ಚಕ್ರ ಬೇಡ, ಪೈಪು ಕಂಡರೆ ಸಾಕು.

ದೊಡ್ಡವರಲ್ಲೂ ಹೀಗೇ ಆಗಿದೆ. ಮಂಗಳಕ್ಕೆ ಒಂದು ದೊಡ್ಡ ರೋವರ್ ಕಳಿಸಿ ಅಲ್ಲಿನ ಕಲ್ಲು ಮಣ್ಣು ತರುವ ಯೋಚನೆ ನಾಸಾದಲ್ಲಿ 1980ರ ದಶಕದಲ್ಲಿ ಇತ್ತು. ಖರ್ಚಿನ ಅಂದಾಜು ಶತಕೋಟಿ ಡಾಲರುಗಳಿಗೆ ಏರಿತು, ಯೋಜನೆ ಬಿದ್ದುಹೋಯಿತು. ಕೊನೆಗೆ ಹೋದದ್ದು ಡೋನಾ ಶರ್ಲಿ ಅನ್ನುವ ಇಂಜಿನಿಯರಮ್ಮ ಮುನ್ನಡೆಸಿದ ತಂಡದ ಸೋಜರ್ನರ್. ಹತ್ತೂವರೆ ಕೆಜಿ. ನಮ್ಮ ಅಡುಗೆ ಮನೆಯ ಮೈಕ್ರೋವೇವ್ ಗಾತ್ರ. ಅದಕ್ಕೆ ಕಟ್ಟಿದ ಮಿತಿ 25 ಮಿಲಿಯನ್ ಡಾಲರ್, ಅಂದರೆ ಎರಡೂವರೆ ಕೋಟಿ ಡಾಲರ್. ರೇಡಿಯೋ ಮೋಡೆಮ್ ಹೊಸದಾಗಿ ಮಾಡಲಿಲ್ಲ, ಮಾರುಕಟ್ಟೆಯಲ್ಲಿ ಸಿಗುವುದನ್ನೇ ತಂದು ಸರಿಮಾಡಿ ಹಾಕಿದರು. ಏಳು ದಿನ ದುಡಿದರೆ ಸಾಕು ಅಂತ ಕಳಿಸಿದ್ದು 83 ಮಂಗಳ ದಿನ ದುಡಿಯಿತು. ಅದರ ಜೋಡಿ ಒಂದು ಭೂಮಿಯ ಮೇಲೆಯೇ ಇತ್ತು, ಮೇರಿ ಕ್ಯೂರಿ ಅಂತ ಹೆಸರು. ನಾನೂ ಮೋಟರ್‌ಗಳನ್ನು ಆರು ತರುತ್ತೇನೆ, ನಾಲ್ಕಲ್ಲ.

ಸೋಜರ್ನರ್ ಇಳಿದದ್ದು 1997ರ ಜುಲೈ 4. ನಮಗೆ 1997 ಅಂದರೆ ಬೇರೆ ನೆನಪು ಅಲ್ವಾ? ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ವರ್ಷ. ಮೊದಲ ಸಲ 60 ತಂಡ. ಈಗ ಮುನ್ನೂರರ ಮೇಲೆ ಹೋಗಿದೆ. ಅದನ್ನು ಹೊರುವುದು ಒಂದು ದೊಡ್ಡ ಸಂಸ್ಥೆ ಅಲ್ಲ. ವರ್ಷಕ್ಕೊಂದು ಒಕ್ಕ, ಅಂದರೆ ಒಂದು ಮನೆತನ, ಹೊಣೆ ಹೊರುತ್ತದೆ, ದುಡ್ಡು ಕೂಡಿಸುತ್ತದೆ, ನಡೆಸಿ ಮುಂದಿನವರಿಗೆ ಕೊಡುತ್ತದೆ. ನಮ್ಮ ರಸ್ತೆಯವರು ಏಡಿಗೂ ಅದನ್ನೇ ಮಾಡಿದ್ದಾರೆ. ವರ್ಷಕ್ಕೊಂದು ಮನೆಯ ಗೋಡೌನಿನಲ್ಲಿ ಗಾಡಿ, ಆ ಮನೆಯವರ ಕೈಯಲ್ಲಿ ಲೆಕ್ಕದ ಪುಸ್ತಕ. ಪಕ್ಕದ ಊರಿನವರಿಗೆ ಮೋರಿಗೆ 1,500 ರೂಪಾಯಿ. ಬ್ಯಾಟರಿ, ಚಕ್ರದ ಖರ್ಚು ಅದರಲ್ಲೇ ಹೊರಡುತ್ತದೆ. ಮೋರಿ ಪಂಚಾಯಿತಿಯದ್ದಾದರೆ ಮೊದಲು ಅಲ್ಲಿ ಹೇಳಿ ಒಪ್ಪಿಗೆ ತೆಗೆದುಕೊಳ್ಳುತ್ತೇವೆ.

ಸರ್ಕಾರದ ದುಡ್ಡು ಇಲ್ಲವಾ ಅಂದರೆ, ಇದೆ. ಕೊನೆ ವರ್ಷದ ಇಂಜಿನಿಯರಿಂಗ್ ಪ್ರಾಜೆಕ್ಟ್‌ಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನೆ ಇದೆ. ಸಾವಿರಗಳ ಲೆಕ್ಕದ ಸಣ್ಣ ಮೊತ್ತ, ಆದರೆ ಇಂಥ ಗಾಡಿಗೆ ಸರಿಯಾದ ಅಳತೆ. ಮಾದರಿ ಮಾಡಲು ಕೇಂದ್ರದ ನಿಧಿ ಪ್ರಯಾಸ್‌ನಲ್ಲಿ 10 ಲಕ್ಷದ ತನಕ ಸಿಗುತ್ತದೆ. ಕಂಪನಿ ಮಾಡುತ್ತೇವೆ ಅನ್ನುವವರಿಗೆ ರಾಜ್ಯದ ಎಲಿವೇಟ್‌ನಲ್ಲಿ 50 ಲಕ್ಷದ ತನಕ. ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಅಂತ 20 ಲಕ್ಷದ ತನಕ ಕೊಟ್ಟಿದ್ದಾರೆ. ಹೊದಿಕೆ ತೆಗೆಯದೇ ಇಟ್ಟ 3ಡಿ ಪ್ರಿಂಟರ್ ಒಂದನ್ನು ನಾನೇ ನೋಡಿದ್ದೇನೆ, ಯಾವ ಶಾಲೆ ಅಂತ ಹೇಳುವುದಿಲ್ಲ. ನಿಮ್ಮ ತಮ್ಮ ತಂಗಿಯರ ಶಾಲೆಯಲ್ಲಿ ಇದ್ದರೆ ಮೇಷ್ಟ್ರನ್ನು ಕೇಳಿ ಬಳಸಿ.

ಕಂಪನಿಗಳ ಸಿಎಸ್ಆರ್ ದುಡ್ಡಿನ ಬಗ್ಗೆ ತುಂಬಾ ತಪ್ಪು ಕಲ್ಪನೆ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ಆ ದುಡ್ಡು ನಿಮ್ಮ ಜೇಬಿಗೆ ಬರುವುದಿಲ್ಲ. ನೋಂದಣಿಯಾದ ಟ್ರಸ್ಟೋ ಸೊಸೈಟಿಯೋ ಬೇಕು, ಅದಕ್ಕೆ ಆದಾಯ ತೆರಿಗೆಯ 12ಎ, 80ಜಿ, ಮೇಲೆ ಸಿಎಸ್ಆರ್-1 ಅನ್ನುವ ನೋಂದಣಿ ಬೇಕು. ಹೊಸ ಟ್ರಸ್ಟ್ ಕಟ್ಟಲು ಹೋಗಬೇಡಿ, ವರ್ಷ ಅದಕ್ಕೇ ಹೋಗುತ್ತದೆ. ಈ ಕಾಗದ ಎಲ್ಲ ಆಗಲೇ ಇರುವ ಒಂದು ಸಂಸ್ಥೆ ಹುಡುಕಿ ಅದರ ಜೊತೆ ಹೋಗಿ.

ಒಂದು ಯೋಜನೆಯಲ್ಲಿ ಬೇರೊಂದು ಗಾಡಿಗೆ ನನಗೂ ದುಡ್ಡು ಮಂಜೂರಾಗಿತ್ತು. ಕೈಗೆ ಬಂದದ್ದು ಹನ್ನೊಂದು ತಿಂಗಳ ನಂತರ. ಬಂದ ಮೇಲೆ ಎಲ್ಲಾ ಖರ್ಚಿಗೂ ಜಿಎಸ್‌ಟಿ ಬಿಲ್ ಕೇಳಿದರು. ನನ್ನ ವೈಪರ್ ಮೋಟರ್ ಗುಜರಿಯದು. ಗುಜರಿ ಸಾಹೇಬರ ಹತ್ತಿರ ಬಿಲ್ ಕೇಳಿದೆ. ಅವರು ನನ್ನನ್ನೇ ಪಾಪ ಅನ್ನುವ ಹಾಗೆ ನೋಡಿದರು. ಕೊನೆಗೆ ಇಡೀ ಗಾಡಿಯಲ್ಲಿ ಚೆನ್ನಾಗಿ ದುಡಿದ ಸಾಮಾನಿನ ಖರ್ಚು ನನ್ನ ಜೇಬಿನದು, ಸುಮ್ನೆ ಕೂತ ಸಾಮಾನಿನ ಖರ್ಚು ಸರ್ಕಾರದ್ದು. ಹಾಗಾಗಿ ಅನುದಾನಕ್ಕೆ ಅರ್ಜಿ ಹಾಕಿ, ಆದರೆ ಅದನ್ನು ಕಾಯುತ್ತಾ ಕೂರಬೇಡಿ. ಮೊದಲ ಗಾಡಿ ಓಡಿಸುತ್ತಿರಿ. ಓಡುವ ಗಾಡಿಯ ವೀಡಿಯೊ ಇರುವ ಅರ್ಜಿಗೆ ಬೆಲೆ ಬೇರೆ.

ಜನರಿಂದ ದುಡ್ಡು ಎತ್ತಿದ ಒಳ್ಳೆ ಕಥೆ ಓಪನ್ ರೋವ್‌ನದ್ದು. ಎರಿಕ್ ಸ್ಟ್ಯಾಕ್‌ಪೋಲ್, ಡೇವಿಡ್ ಲ್ಯಾಂಗ್ ಅಂತ ಇಬ್ಬರು. ಕ್ಯಾಲಿಫೋರ್ನಿಯಾದಲ್ಲಿ ನೀರು ತುಂಬಿದ ಒಂದು ಗುಹೆಯ ತಳದಲ್ಲಿ ಚಿನ್ನ ಇದೆ ಅನ್ನುವ ಹಳೇ ಮಾತು. ಅದನ್ನು ನೋಡಲು ನೀರೊಳಗೆ ಹೋಗುವ ಪುಟ್ಟ ಗಾಡಿ ಮಾಡಿದರು. ನಕ್ಷೆ ಎಲ್ಲರಿಗೂ ಬಿಟ್ಟಿ. 2012ರಲ್ಲಿ, ಜನರಿಂದ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ಅನ್ನುವ ವೆಬ್‌ಸೈಟಿನಲ್ಲಿ 20,000 ಡಾಲರ್ ಕೇಳಿದರು, ಒಂದು ಲಕ್ಷ ಡಾಲರ್ ದಾಟಿ ಬಂತು. ಜನ ಕೊಟ್ಟದ್ದು ದಾನ ಅಲ್ಲ. ದುಡ್ಡು ಕೊಟ್ಟವರಿಗೆ ಜೋಡಿಸಿಕೊಳ್ಳುವ ಕಿಟ್ ಸಿಗುತ್ತಿತ್ತು. ನಮ್ಮ ಮದುವೆ ಮುಯ್ಯಿ ಹಾಗೆ, ಕೊಟ್ಟದ್ದು ಇನ್ನೊಂದು ರೂಪದಲ್ಲಿ ಮನೆಗೆ ಬರುತ್ತದೆ ಅಂತ ಗೊತ್ತಿದ್ದರೆ ಕೈ ಬಿಚ್ಚುತ್ತದೆ.

ಇನ್ನೊಂದು ಕಡೆ ಬೆಂಗಳೂರಿನ ಟೀಮ್ ಇಂಡಸ್. ಗೂಗಲ್ ಲೂನಾರ್ ಎಕ್ಸ್‌ಪ್ರೈಜ್ ಅಂತ 2007ರಲ್ಲಿ ಘೋಷಿಸಿದ ಸ್ಪರ್ಧೆ. ಖಾಸಗಿಯಾಗಿ ಚಂದ್ರನ ಮೇಲೆ ಇಳಿದು 500 ಮೀಟರ್ ಓಡಿಸಿ ಚಿತ್ರ ಕಳಿಸಿದವರಿಗೆ 20 ಮಿಲಿಯನ್ ಡಾಲರ್, ಅಂದರೆ ಎರಡು ಕೋಟಿ ಡಾಲರ್. ಇವರ ರೋವರ್ ಹೆಸರು ಇಕಾ, ಒಂದು ಪುಟ್ಟ ಆಸೆ ಅನ್ನುವ ಅರ್ಥದ ಹಿಂದಿ ಮಾತಿನಿಂದ ಬಂದದ್ದು. ಕೊನೆಯ ಐದು ತಂಡದಲ್ಲಿ ಇವರೂ ಇದ್ದರು. 2018ರ ಮಾರ್ಚ್ 31ಕ್ಕೆ ಗಡುವು ಮುಗಿಯಿತು, ಯಾರೂ ಹಾರಲಿಲ್ಲ, ಬಹುಮಾನ ಯಾರಿಗೂ ಹೋಗಲಿಲ್ಲ. ಆ ಹುಡುಗರ ಕೆಲಸದಲ್ಲಿ ಕೊರತೆ ಇತ್ತು ಅಂತ ನಾನು ಹೇಳುವುದಿಲ್ಲ. ಇಂಥ ಆಟದಲ್ಲಿ ಗಾಡಿಗಿಂತ ಗಾಡಿಯನ್ನು ಅಲ್ಲಿಗೆ ಮುಟ್ಟಿಸುವ ಬಾಡಿಗೆ ದೊಡ್ಡದು. ನಮ್ಮ ಲೆಕ್ಕದಲ್ಲೂ ಹಾಗೇ, ಗಾಡಿ 23,000 ಆದರೆ ಅದನ್ನು ಜೀಪಿಗೆ ಹಾಕಿಕೊಂಡು ಊರೂರು ಸುತ್ತುವ ಡೀಸೆಲ್ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಬರೆದಿಡಿ.

ಹಿಂದೆ ಕೈ ಎತ್ತಿದ್ದೀರಿ. ತೋಟಕ್ಕೆ ಬಂದ ಆನೆ ಓಡಿಸಲು ಇದರಿಂದ ಆಗುತ್ತದಾ ಅಂತ ತಾನೇ? ಎಲ್ಲಿ ಹೋದರೂ ಮೊದಲ ಪ್ರಶ್ನೆ ಅದೇ. ದುಡ್ಡು ಕೊಡಲೂ ಜನ ಸಿದ್ಧ. ನಾನು ಮಾಡುವುದಿಲ್ಲ ಅಣ್ಣ. ಕೆರಳಿದ ಆನೆ ಗಾಡಿಯನ್ನು ತುಳಿದರೆ 23,000 ಹೋಗುತ್ತದೆ. ಗಾಡಿ ಬಿಟ್ಟು ರಿಮೋಟ್ ಹಿಡಿದವನ ಕಡೆ ತಿರುಗಿದರೆ?

ಇನ್ನೊಂದು, ಮುಂದಿನ ಸಾಲಿನವರಿಗೆ. ಬರೆ ಕುಸಿದಾಗ ಜನರನ್ನು ಹುಡುಕುವ ರೋವರ್ ಮಾಡುತ್ತೇವೆ ಅಂತ ಪ್ರತಿ ವರ್ಷ ಒಂದು ತಂಡ ನನ್ನ ಹತ್ತಿರ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದದ್ದನ್ನು ನೋಡಿದವರು ನಾವು, 2020ರಲ್ಲಿ ತಲಕಾವೇರಿ ಬಳಿ ಬೆಟ್ಟ ಇಳಿದದ್ದನ್ನೂ ನೋಡಿದ್ದೇವೆ. ಹಾಗಾಗಿ ಆ ಆಸೆ ಯಾಕೆ ಹುಟ್ಟುತ್ತದೆ ಅಂತ ಅರ್ಥ ಆಗುತ್ತದೆ. ಆದರೆ ಹೊಸದಾಗಿ ಕುಸಿದ ಮಣ್ಣು ಗಂಜಿ ಹಾಗೆ ಇರುತ್ತದೆ. ಮನುಷ್ಯನ ಕಾಲೇ ಸೊಂಟದ ತನಕ ಹೋಗುತ್ತದೆ, ಸಣ್ಣ ಚಕ್ರದ ಗತಿ ಏನು? ನಾನೇ ಹಳೇ ಕುಸಿತದ ಅಂಚಿನಲ್ಲಿ ಏಡಿ ಇಳಿಸಿ ನೋಡಿದ್ದೇನೆ, ಒಂದು ಮಾರು ಹೋಗಲಿಲ್ಲ. ಮನೆಯವರನ್ನು ಕಳೆದುಕೊಂಡವರ ಎದುರು ಆಗದ ಕೆಲಸವನ್ನು ಆಗುತ್ತದೆ ಅಂತ ಹೇಳಿ ದುಡ್ಡು ಎತ್ತಬೇಡಿ. ಕುಸಿಯುವ ಮೊದಲು, ನೀರು ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡುವ ಗಾಡಿ ಮಾಡಿ. ಅದು ನಮ್ಮ ಅಳತೆಯ ಕೆಲಸ.

ಚಂದ್ರಯಾನ 3 ಇಳಿದ ನಾಲ್ಕು ದಿನಕ್ಕೆ, 2023ರ ಆಗಸ್ಟ್ 27ರಂದು, ಪ್ರಜ್ಞಾನ್ ಎದುರಿಗೆ 4 ಮೀಟರ್ ಅಗಲದ ಗುಂಡಿ ಬಂತು. ಗುಂಡಿ ಇನ್ನೂ 3 ಮೀಟರ್ ದೂರ ಇತ್ತು. ಇಸ್ರೋದವರು ದಾಟಲು ನೋಡಲಿಲ್ಲ. ಬಂದ ದಾರಿಯಲ್ಲೇ ತಿರುಗಿಸಿದರು. ಅವರು ಹೊರಗೆ ಬಿಟ್ಟ ಚಿತ್ರದಲ್ಲಿ ಗಾಡಿ ಹಿಂದಕ್ಕೆ ಹೋದ ಚಕ್ರದ ಗುರುತು ಕಾಣುತ್ತದೆ. ನನ್ನ ಕೊಟ್ಟಿಗೆಯಲ್ಲಿ ಅದನ್ನು ಅಂಟಿಸಿಕೊಂಡಿದ್ದೇನೆ.

ಮಳೆ ಸ್ವಲ್ಪ ಬಿಟ್ಟ ಹಾಗಿದೆ. ಈ ಹಾಲ್ ಹಿಂದೆ, ಗೇಟಿನ ಪಕ್ಕ, ರಸ್ತೆ ಕೆಳಗೆ ಒಂದು ಮೋರಿ ಇದೆ. ಬರುವಾಗ ನೋಡಿದೆ. ಮೇಲ್ಗಡೆ ನೀರು ನಿಂತಿದೆ, ಕೆಳಗಡೆ ಬೆರಳು ದಪ್ಪ ಮಾತ್ರ ಬರುತ್ತಿದೆ. ಒಳಗೆ ಏನಿದೆ ಅಂತ ನನಗೂ ಗೊತ್ತಿಲ್ಲ. ಬ್ಯಾಟರಿ ಇನ್ನು ನಲವತ್ತು ನಿಮಿಷಕ್ಕೆ ಸಾಕು. ನೀವು, ನೀಲಿ ಅಂಗಿ, ದಾರ ಹಿಡಿದುಕೊಳ್ಳಿ. ಹಿಂದಿನ ಸಾಲಿನಿಂದ ಯಾರಾದರೂ ಒಬ್ಬರು ಟೇಪ್ ಎಣಿಸಿ. ಛತ್ರಿ ತಗೊಳ್ಳಿ. ಪ್ಯಾಂಟು ಕಾಲ್ಚೀಲದೊಳಗೆ ಸಿಕ್ಕಿಸಿಕೊಳ್ಳಿ, ಜಿಗಣೆ ಇವೆ.